ಕೊಟ್ಟವರ ಪಟ್ಟಿ

ನಮ್ಮ ಕಡೆ ಒಂದು ದೇವಸ್ಥಾನದ ಬ್ರಹ್ಮಕಲಶ ಮುಗಿದ ಮೇಲೆ ಸ್ಮರಣ ಸಂಚಿಕೆಯೊಂದು ಹೊರಬರುತ್ತದೆ. ಅದರ ಲೇಖನಗಳನ್ನು ಓದುವವರು ಕೆಲವೇ ಮಂದಿ. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ದಾನಿಗಳ ಪಟ್ಟಿಯನ್ನು ಓದದವರು ಮಾತ್ರ ಯಾರೂ ಇಲ್ಲ. ಯಾರು ಎಷ್ಟು ಕೊಟ್ಟರು, ಯಾರಿಗೆ ಕೊಡಲು ಸಾಧ್ಯವಿದ್ದೂ ಕೊಡಲಿಲ್ಲ, ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬಂತು ಎಂಬುದೆಲ್ಲ ಒಂದು ವಾರದ ಮಾತು. ಆದರೆ ಆ ಪಟ್ಟಿಯನ್ನು ಎಲ್ಲರಿಗಿಂತ ಹೆಚ್ಚು ಆಸ್ಥೆಯಿಂದ ಓದುವವರು ಬೇರೆ ಇದ್ದಾರೆ. ಅವರು ಮುಂದಿನ ಊರಿನ ಜೀರ್ಣೋದ್ಧಾರ ಸಮಿತಿಯವರು, ಕಳಿಯಾಟದವರು, ಮಸೀದಿಯ ಕಟ್ಟಡ ಸಮಿತಿಯವರು, ಯಕ್ಷಗಾನ ಸಂಘದವರು, ಶಾಲೆಯ ಶತಮಾನೋತ್ಸವದವರು. ಒಮ್ಮೆ ಹತ್ತು ಸಾವಿರ ಕೊಟ್ಟವನ ಅಂಗಳಕ್ಕೆ ಅದೇ ವರ್ಷ ನಾಲ್ಕು ರಶೀದಿ ಪುಸ್ತಕಗಳು ಬಂದಿಳಿಯುತ್ತವೆ. ಮಲಯಾಳದಲ್ಲಿ ಇದಕ್ಕೆ ‘ಪಿರಿವು’ ಎನ್ನುತ್ತಾರೆ. ಗಡಿನಾಡಿನ ಕನ್ನಡಿಗರಾದ ನಾವೂ ಆ ಶಬ್ದವನ್ನು ಧಾರಾಳವಾಗಿ ಎರವಲು ಪಡೆದಿದ್ದೇವೆ. ಅದನ್ನು ಹಿಂತಿರುಗಿಸುವ ಯೋಚನೆ ಯಾರಿಗೂ ಇಲ್ಲ.

ಇದರಲ್ಲಿ ನಗುವುದಕ್ಕೆ ಎಷ್ಟಿದೆಯೋ ಯೋಚಿಸುವುದಕ್ಕೂ ಅಷ್ಟೇ ಇದೆ. ಒಬ್ಬನು ಹಿಂದೆ ಕೊಟ್ಟಿದ್ದಾನೆ ಎಂಬುದು ಬಹಿರಂಗವಾಗಿ ದಾಖಲಾಗಿದ್ದರೆ, ಆ ದಾಖಲೆ ಅವನನ್ನು ಮತ್ತೆ ಕೇಳುವ ಹಕ್ಕನ್ನು ನಮಗೆ ಕೊಡುತ್ತದೆಯೆ? ಕೊಟ್ಟದ್ದನ್ನು ಬರೆದಿಡುವುದು ಒಂದು ಕಾರಣಕ್ಕೆ. ಆ ಬರಹವನ್ನು ಹಿಡಿದು ಅವನ ಬಾಗಿಲು ತಟ್ಟುವುದು ಇನ್ನೊಂದು ಕಾರಣಕ್ಕೆ. ಮೊದಲನೆಯದರ ಉದ್ದೇಶ ಎರಡನೆಯದನ್ನು ಒಪ್ಪುತ್ತದೆಯೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಹಗಲು ಹೊತ್ತು ಒಂದು ರಾಷ್ಟ್ರೀಕೃತ ಬ್ಯಾಂಕಿನ ಗುಮಾಸ್ತ. ಸಂಜೆ ನಮ್ಮೂರಿನ ಕನ್ನಡ ವಾಚನಾಲಯದ ಕೋಶಾಧಿಕಾರಿ. ವಾಚನಾಲಯದ ಹಂಚಿನ ಮಾಡು ಸೋರುತ್ತದೆ. ಮೂರು ಮಳೆಗಾಲಗಳಿಂದ ಕಪಾಟುಗಳ ಮೇಲೆ ಪ್ಲಾಸ್ಟಿಕ್ ಹೊದೆಸಿ ಕೂತಿದ್ದೇವೆ. ಸದಸ್ಯರ ಚಂದಾದಿಂದ ಪತ್ರಿಕೆಗಳ ಬಿಲ್ಲು ಪಾವತಿಯಾಗುತ್ತದೆ. ಪಕ್ಕಾಸು, ರೀಪು ಬದಲಾಯಿಸಲು ಆ ಹಣ ಸಾಲದು. ಊರಿನ ಹತ್ತು ಮನೆಗಳನ್ನೇ ಮತ್ತೆ ಮತ್ತೆ ಕೇಳುವುದು ಬೇಡ, ಅನುದಾನ ನೀಡುವ ಸಂಸ್ಥೆಗಳನ್ನು ಹುಡುಕೋಣ ಎಂದು ಸಮಿತಿ ತೀರ್ಮಾನಿಸಿತು. ಲೆಕ್ಕದವನೆಂಬ ಕಾರಣಕ್ಕೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹುಡುಕುತ್ತಾ ಹೋದಂತೆ, ಕೊಟ್ಟವರ ಪಟ್ಟಿ ಎಂಬುದು ಜಗತ್ತಿನಲ್ಲಿ ಎಷ್ಟು ವಿಧದಲ್ಲಿದೆ, ಎಷ್ಟು ಬೇರೆ ಬೇರೆ ಉದ್ದೇಶಗಳಿಂದ ಹುಟ್ಟಿದೆ ಎಂಬುದು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು.

ನಮ್ಮ ಭಾಷೆಯ ಮಟ್ಟಿಗೆ ಹೇಳುವುದಾದರೆ, ಬರಹ ಮತ್ತು ದಾನ ಹೆಚ್ಚು ಕಡಿಮೆ ಒಟ್ಟಿಗೇ ಹುಟ್ಟಿದವು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನ ಕನ್ನಡದ ಅತಿ ಹಳೆಯ ಬರಹಗಳಲ್ಲೊಂದು. ಅದು ಪ್ರೇಮದ ಕವಿತೆಯಲ್ಲ, ಲೋಕನೀತಿಯೂ ಅಲ್ಲ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ದತ್ತಿಯ ದಾಖಲೆ. ಕೊನೆಯಲ್ಲಿ ಅದನ್ನು ಕಸಿದವರಿಗೆ ಮಹಾಪಾಪ ಎಂಬ ಎಚ್ಚರಿಕೆಯಿದೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಈ ಎಚ್ಚರಿಕೆ ಬೆಳೆದು ಶ್ಲೋಕಗಳಾಯಿತು: ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದು ಇಮ್ಮಡಿ ಪುಣ್ಯ ಎಂಬ ಮಾತು ಎಷ್ಟೋ ಕಲ್ಲುಗಳ ಮೇಲಿದೆ. ಎಂದರೆ ಕಲ್ಲಿನಲ್ಲಿ ಕೊರೆಸಿದ್ದು ಮುಂದಿನ ಬೇಡುವವನಿಗೆ ದಾರಿ ತೋರಿಸಲೆಂದಲ್ಲ, ಕೊಟ್ಟದ್ದನ್ನು ಮುಂದಿನ ಅರಸನೋ ನೆರೆಯ ಬಲಾಢ್ಯನೋ ನುಂಗದಿರಲೆಂದು. ಕೀರ್ತಿಯ ಆಸೆ ಇದ್ದಿರಬಹುದು; ಆದರೆ ಕಲ್ಲಿನ ಮುಖ್ಯ ಕೆಲಸ ಕಾವಲು.

ಇನ್ನೊಂದು ಬಗೆಯ ಪಟ್ಟಿ ನಮ್ಮ ದಕ್ಷಿಣಕ್ಕಿದೆ. ವಡಗರ, ನಾದಾಪುರದ ಕಡೆ ‘ಪಣಂಪಯಟ್ಟು’ ಎಂಬ ಪದ್ಧತಿ ಇರುವುದನ್ನು ಈ ಸಂಚಿಕೆಯ ಮಲಯಾಳಿ ಓದುಗರು ಬಲ್ಲರು. ಹಣದ ಅಗತ್ಯ ಬಿದ್ದವನು ಒಂದು ದಿನ ಗೊತ್ತುಮಾಡಿ ನೆಂಟರಿಷ್ಟರನ್ನು ಕರೆಯುತ್ತಾನೆ. ಬಂದವರು ಚಹಾ ಕುಡಿದು ತಮ್ಮ ಪಾಲಿನ ಹಣ ಕೊಡುತ್ತಾರೆ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ನಾಳೆ ಆ ಕೊಟ್ಟವನು ಪಯಟ್ಟು ನಡೆಸಿದರೆ ಪಡೆದವನು ಅದಕ್ಕಿಂತ ಹೆಚ್ಚು ಹಿಂತಿರುಗಿಸಲೇಬೇಕು. ನಮ್ಮ ಮದುವೆಗಳ ಮುಯ್ಯಿಯೂ ಇದೇ ಜಾತಿಯದು. ಇಲ್ಲಿ ಪಟ್ಟಿ ಇರುವುದು ಕೊಟ್ಟವನನ್ನು ಮತ್ತೆ ಕೇಳಲಿಕ್ಕಲ್ಲ, ಕೊಟ್ಟವನಿಗೆ ಮರಳಿಸಲಿಕ್ಕೆ. ಅದು ಸಾಲದ ಪುಸ್ತಕ, ಆದರೆ ಸ್ನೇಹದ ಅಕ್ಷರದಲ್ಲಿ ಬರೆದದ್ದು.

ಮೂರನೆಯ ಬಗೆ ಆಧುನಿಕವಾದದ್ದು. ಅದು ಸ್ಪಷ್ಟರೂಪ ಪಡೆದದ್ದು ಅಮೆರಿಕದಲ್ಲಿ. ಅಲ್ಲಿನ ಶ್ರೀಮಂತರು ಕಟ್ಟಿದ ದತ್ತಿಸಂಸ್ಥೆಗಳು ತೆರಿಗೆ ವಿನಾಯಿತಿ ಪಡೆದು ದೊಡ್ಡದಾಗಿ ಬೆಳೆದಾಗ, ಆ ಹಣ ಎಲ್ಲಿಗೆ ಹೋಗುತ್ತದೆ ಎಂಬ ಸಂಶಯ ಹುಟ್ಟಿತು. 1952ರಲ್ಲಿಯೂ 1954ರಲ್ಲಿಯೂ ಅಲ್ಲಿನ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿದವು. ದತ್ತಿಸಂಸ್ಥೆಗಳ ಜೇಬು ಗಾಜಿನದಾಗಿರಬೇಕು ಎಂದು ಕಾರ್ನೆಗಿ ಕಾರ್ಪೊರೇಷನ್ನಿನ ರಸೆಲ್ ಲೆಫಿಂಗ್‌ವೆಲ್ ಹೇಳಿದ್ದು 1952ರ ಆ ವಿಚಾರಣೆಯಲ್ಲಿ. 1956ರಲ್ಲಿ ನ್ಯೂಯಾರ್ಕಿನಲ್ಲಿ ದತ್ತಿಸಂಸ್ಥೆಗಳ ಮಾಹಿತಿಗೆಂದೇ ಒಂದು ಗ್ರಂಥಾಲಯ ಕೇಂದ್ರ ತೆರೆಯಿತು; 1960ರಲ್ಲಿ ಅವುಗಳ ಕೈಪಿಡಿ ಅಚ್ಚಾಯಿತು. 2019ರಲ್ಲಿ ಆ ಕೇಂದ್ರ ಇನ್ನೊಂದು ಮಾಹಿತಿ ಸಂಸ್ಥೆಯೊಡನೆ ಸೇರಿ ‘ಕ್ಯಾಂಡಿಡ್’ ಎಂಬ ಹೆಸರು ಪಡೆದಿದೆ. ಅಲ್ಲಿ ಪ್ರತಿ ಖಾಸಗಿ ದತ್ತಿಸಂಸ್ಥೆ ವರ್ಷಕ್ಕೊಮ್ಮೆ ‘990-ಪಿಎಫ್’ ಎಂಬ ತೆರಿಗೆ ವಿವರಪತ್ರ ಸಲ್ಲಿಸಬೇಕು; ಯಾರಿಗೆ, ಯಾತಕ್ಕೆ, ಎಷ್ಟು ಕೊಟ್ಟಿತು ಎಂಬುದು ಅದರಲ್ಲಿರುತ್ತದೆ; ಅದನ್ನು ಯಾರು ಬೇಕಾದರೂ ಓದಬಹುದು. ಸಣ್ಣ ಸಂಘಗಳಿಗೆ ಅದು ದಾರಿದೀಪವಾಯಿತು. ಆದರೆ ಮೂಲ ಉದ್ದೇಶ ಅದಲ್ಲ. ತೆರಿಗೆ ಬಿಟ್ಟುಕೊಟ್ಟ ಸಾರ್ವಜನಿಕರಿಗೆ ಲೆಕ್ಕ ಒಪ್ಪಿಸುವುದು ಉದ್ದೇಶ. ಕೇಳುವವರಿಗೆ ವಿಳಾಸ ಸಿಕ್ಕಿದ್ದು ಅದರ ಬೆನ್ನಿಗೆ ಬಂದ ಲಾಭ.

ನಮ್ಮ ದೇಶದಲ್ಲಿಯೂ ಈಗ ಇಂಥ ಬಾಗಿಲುಗಳಿವೆ. 2013ರ ಕಂಪೆನಿ ಕಾಯಿದೆಯ 135ನೆಯ ವಿಧಿ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯವೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಗಳಿಗೆ ಎಂಬ ಪಟ್ಟಿಯಲ್ಲಿ ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ, ಪರಂಪರೆಯ ರಕ್ಷಣೆ ಇವೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಇದೆ. ಎಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಕಂಪೆನಿಯ ವಾರ್ಷಿಕ ವರದಿಯಲ್ಲಿ ನೋಡಬಹುದು. ಕೇಂದ್ರ ಸರಕಾರದ ಜಾಲತಾಣದಲ್ಲಿಯೂ ಹುಡುಕಬಹುದು. ನಮ್ಮ ಜಿಲ್ಲೆಯ ಸೀತಾಂಗೋಳಿಯಲ್ಲಿ ಘಟಕವಿರುವ ಹಿಂದುಸ್ತಾನ್ ಏರೋನಾಟಿಕ್ಸಿನ ವರದಿಯನ್ನು ನಾನೂ ನೀವೂ ಮನೆಯಲ್ಲಿ ಕೂತು ಓದಬಹುದು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಗೆ ಸಂಬಂಧಿಸಿದ ತನ್ನ ಅನುದಾನಗಳ ವಿವರವನ್ನು ತಾನೇ ಪ್ರಕಟಿಸುತ್ತದೆ.

ಸರಕಾರಗಳ ಮಟ್ಟಿಗೆ ದಾರಿ ಇನ್ನೂ ನೇರ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ವಿಧಿ, ಸಹಾಯಧನದ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಇಲಾಖೆಗಳಿಗೆ ಹೇಳುತ್ತದೆ. 2010ರ ಕಾಯಿದೆಯಿಂದ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವು ನೀಡಿದೆ. ಅಲ್ಲಿ ಕೇಳಲು ನಾವು ಕರ್ನಾಟಕದ ಮತದಾರರಾಗಿರಬೇಕಾಗಿಲ್ಲ. ಮಾಹಿತಿಯ ಹಕ್ಕು ಇರುವುದು ಭಾರತದ ಪ್ರಜೆಗೆ. ಇತ್ತ ಕೇರಳದಲ್ಲಿ, 1945ರಲ್ಲಿ ಪಿ.ಎನ್. ಪಣಿಕ್ಕರ್ ಅಂಬಲಪ್ಪುಳದಲ್ಲಿ ಆರಂಭಿಸಿದ ಗ್ರಂಥಶಾಲಾ ಚಳವಳಿಯ ಫಲವಾಗಿ, ಲೈಬ್ರರಿ ಕೌನ್ಸಿಲಿಗೆ ಸೇರಿದ ವಾಚನಾಲಯಗಳಿಗೆ ಅವುಗಳ ದರ್ಜೆಗೆ ತಕ್ಕ ವಾರ್ಷಿಕ ಗ್ರಾಂಟು ಸಿಗುತ್ತದೆ. ಕನ್ನಡ ಪುಸ್ತಕಗಳಿವೆ ಎಂಬ ಕಾರಣಕ್ಕೆ ನಾವು ಆ ಮನೆಯ ಹೊರಗಿನವರಾಗುವುದಿಲ್ಲ.

ಬಾಗಿಲು ಮುಚ್ಚಿದ ಉದಾಹರಣೆಯೂ ಇದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ವಾರ್ಷಿಕ ವಿವರಗಳು ಗೃಹ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತಿದ್ದವು. 2022ರ ಜುಲೈಯಲ್ಲಿ ಅವನ್ನು ತೆಗೆಯಲಾಯಿತು. 80-ಜಿ ವಿನಾಯಿತಿ ಪಡೆಯುವ ದಾನಿಗಳ ಹೆಸರು, ಪ್ಯಾನ್ ಸಂಖ್ಯೆಗಳನ್ನು 2021-22ರ ಸಾಲಿನಿಂದ ಸಂಸ್ಥೆಗಳು ಆದಾಯ ತೆರಿಗೆ ಇಲಾಖೆಗೆ ಒಪ್ಪಿಸುತ್ತಿವೆ. ಆದರೆ ಆ ಪಟ್ಟಿ ಸಾರ್ವಜನಿಕರಿಗಲ್ಲ. ಹಾಗಾಗಿ ದಾಖಲೆ ಇರುವುದು ಬೇರೆ, ದಾಖಲೆ ಬಹಿರಂಗವಾಗಿರುವುದು ಬೇರೆ.

ಈ ವ್ಯತ್ಯಾಸ ನನ್ನ ಮಟ್ಟಿಗೆ ಕಾಗದದ ಮೇಲಿನದಲ್ಲ. ರಾಷ್ಟ್ರೀಕೃತ ಬ್ಯಾಂಕಿಗೆ ಸೇರುವ ಪ್ರತಿಯೊಬ್ಬ ನೌಕರನೂ ಕೆಲಸಕ್ಕೆ ಕೂರುವ ಮೊದಲು ನಿಷ್ಠೆ ಮತ್ತು ಗೌಪ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾನೆ. 1970ರ ರಾಷ್ಟ್ರೀಕರಣ ಕಾಯಿದೆಯಲ್ಲಿಯೇ ಅದು ಇದೆ. ನಮ್ಮ ವಾಚನಾಲಯದ ಅಧ್ಯಕ್ಷರು ನಿವೃತ್ತ ಕನ್ನಡ ಮಾಷ್ಟ್ರು. ನನಗೆ ಅಕ್ಷರ ಕಲಿಸಿದವರು. ನಾನು ಕಂಪೆನಿಗಳ ವರದಿಗಳನ್ನು ಮುದ್ರಿಸಿ ತಂದಾಗ ಅವರು ಅವನ್ನು ಬದಿಗಿಟ್ಟು, “ಅಲ್ಲ ಮಾರಾಯಾ, ಡೆಲ್ಲಿಯ ಪಟ್ಟಿ ಎಲ್ಲ ಯಾಕೆ? ಊರಲ್ಲಿ ಯಾರ ಠೇವಣಿ ಎಷ್ಟಿದೆ ಅಂತ ದಿನಾ ನೋಡುವವ ನೀನು. ಲೆಕ್ಕ ಹೇಳುವುದು ಬೇಡ. ಯಾವ ಮನೆಗೆ ಮೊದಲು ಹೋಗಬೇಕು ಅಂತ ಮಾತ್ರ ಹೇಳು” ಎಂದರು.

“ಅದೊಂದು ಆಗಲಿಕ್ಕಿಲ್ಲ ಮಾಷ್ಟ್ರೆ” ಎಂದೆ.

ಅವರು ಬಿಡಲಿಲ್ಲ. “ಅವ ದೇವಸ್ಥಾನಕ್ಕೆ ಕೊಟ್ಟದ್ದು ಸಂಚಿಕೆಯಲ್ಲಿ ಅಚ್ಚಾಗಿದೆ. ನಿನ್ನ ಬ್ಯಾಂಕಿನ ಪುಸ್ತಕದಲ್ಲಿಯೂ ಅದೇ ಉಂಟು. ಊರಿಗೆಲ್ಲ ಗೊತ್ತಿರುವುದನ್ನು ಹೇಳಿದರೆ ಯಾವ ಗುಟ್ಟು ಒಡೆಯುತ್ತದೆ?” ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ, “ವಾಚನಾಲಯ ಮುಚ್ಚಿದ ಮೇಲೆ ನಿನ್ನ ಪ್ರಮಾಣಪತ್ರವನ್ನು ಯಾರು ಓದುತ್ತಾರೆ?” ಎಂದು ಕೇಳಿ ಎದ್ದು ಹೋದರು. ಆಮೇಲೆ ಎರಡು ಸಭೆಗಳಿಗೆ ಅವರು ಬರಲಿಲ್ಲ.

ಮಾಷ್ಟ್ರ ಪ್ರಶ್ನೆ ಸುಲಭದ್ದಲ್ಲ. ಒಂದೇ ಸಂಗತಿ ಎರಡು ಕಡೆ ಬರೆದಿದ್ದರೆ, ಒಂದು ಕಡೆಯಿಂದ ಎತ್ತಿಕೊಂಡರೆ ಸರಿ, ಇನ್ನೊಂದು ಕಡೆಯಿಂದ ಎತ್ತಿಕೊಂಡರೆ ತಪ್ಪು ಎಂಬುದು ಹೇಗೆ? ಸಂಗತಿ ಒಂದೇ ಅಲ್ಲವೆ? ನಾನು ಬಹಳ ದಿನ ಯೋಚಿಸಿ ಕಂಡುಕೊಂಡ ಉತ್ತರ ಇಷ್ಟೆ: ತಪ್ಪು ಸರಿ ಇರುವುದು ಸಂಗತಿಯಲ್ಲಲ್ಲ, ಅದು ನನ್ನ ಕೈಗೆ ಬಂದ ದಾರಿಯಲ್ಲಿ. ಸಂಚಿಕೆಯಲ್ಲಿ ಅಚ್ಚಾದದ್ದನ್ನು ಆತ ಊರಿಗೆ ಹೇಳಿದ್ದಾನೆ. ಬ್ಯಾಂಕಿನ ಪುಸ್ತಕದಲ್ಲಿರುವುದನ್ನು ಆತ ನನಗೆ ಹೇಳಲಿಲ್ಲ. ನಾನು ಕೂತ ಕುರ್ಚಿಯನ್ನು ನಂಬಿ ಬಿಟ್ಟುಹೋಗಿದ್ದಾನೆ. ಆ ನಂಬಿಕೆಯನ್ನು ಒಂದು ಒಳ್ಳೆಯ ಕೆಲಸಕ್ಕಾಗಿ ಖರ್ಚು ಮಾಡಿದರೆ, ನಾಳೆ ಇನ್ನೊಬ್ಬ ಗುಮಾಸ್ತ ತನಗೆ ಒಳ್ಳೆಯದೆಂದು ಕಂಡ ಕೆಲಸಕ್ಕೆ ಖರ್ಚು ಮಾಡುತ್ತಾನೆ. ಆಮೇಲೆ ಉಳಿಯುವುದು ಬ್ಯಾಂಕಲ್ಲ, ಚಾವಡಿ.

ಇಂಥ ಬಾಗಿಲು ತೆರೆಯಲೇಬಾರದೆಂದು ನಾನು ಹೇಳುವುದಿಲ್ಲ. 2018ರ ಚುನಾವಣಾ ಬಾಂಡುಗಳ ಯೋಜನೆಯನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ರದ್ದುಮಾಡಿತು. ಮಾರ್ಚ್ ತಿಂಗಳಲ್ಲಿ ಕೊಟ್ಟವರ ಹೆಸರುಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಬಂದವು. ಗೌಪ್ಯವಾಗಿರುತ್ತದೆಂಬ ಮಾತಿನ ಮೇಲೆ ಕೊಟ್ಟದ್ದು ಬಯಲಾಯಿತು. ಅಧಿಕಾರದಲ್ಲಿರುವವರಿಗೆ ಯಾರು ಹಣ ಕೊಟ್ಟರೆಂದು ತಿಳಿಯುವ ಹಕ್ಕು ಮತದಾರರಿಗಿದೆ ಎಂಬುದು ನ್ಯಾಯಾಲಯದ ಕಾರಣ. ಅದು ನ್ಯಾಯವಾದ ಕಾರಣವೇ. ಆದರೆ ಗಮನಿಸಬೇಕು: ಬಾಗಿಲು ತೆರೆದದ್ದು ಎಲ್ಲರೆದುರು ವಾದ ಕೇಳಿದ ನ್ಯಾಯಾಲಯ, ಕೌಂಟರಿನ ಗುಮಾಸ್ತನಲ್ಲ.

ಹಾಗಾದರೆ ಬಹಿರಂಗವಾದದ್ದನ್ನೆಲ್ಲ ಬಳಸಬಹುದೇ? ಇಲ್ಲಿ ನಮ್ಮ ಪುರಾಣಗಳು ನನ್ನನ್ನು ತಡೆಯುತ್ತವೆ. ಬಲಿಚಕ್ರವರ್ತಿ ಕೇಳಿದವರಿಗೆ ಇಲ್ಲವೆನ್ನದವನು ಎಂಬುದು ಮೂರು ಲೋಕಕ್ಕೂ ಗೊತ್ತಿದ್ದ ದಾಖಲೆ. ವಾಮನ ಬಂದದ್ದು ಆ ದಾಖಲೆಯನ್ನು ಓದಿಕೊಂಡೇ. ಕರ್ಣ ಸೂರ್ಯೋಪಾಸನೆಯ ಹೊತ್ತಿನಲ್ಲಿ ಬ್ರಾಹ್ಮಣರು ಬೇಡಿದ್ದನ್ನು ನಿರಾಕರಿಸುವುದಿಲ್ಲ ಎಂಬುದನ್ನು ಓದಿಕೊಂಡೇ ಇಂದ್ರ ಕವಚ ಕುಂಡಲಗಳನ್ನು ಕೇಳಲು ಬಂದ. ಕೊಡುವವರನ್ನು ಅವರ ಹಿಂದಿನ ದಾನದಿಂದ ಹುಡುಕುವ ವಿದ್ಯೆಗೆ ಇವರಿಬ್ಬರೂ ಆದ್ಯರು ಎಂದರೆ ದೈವಭಕ್ತರು ಸಿಟ್ಟಾಗಬಾರದು. ಆದರೆ ಇಬ್ಬರೂ ಓದಿದ್ದು ಏನನ್ನು? ಕೊಡುವವನ ಇಷ್ಟವನ್ನಲ್ಲ, ಅವನ ಇಕ್ಕಟ್ಟನ್ನು. ಇಲ್ಲವೆನ್ನಲಾರ ಎಂಬುದನ್ನು. ನಮ್ಮ ಜನ ಈ ಕತೆಗೆ ಕೊಟ್ಟ ತೀರ್ಪು ಸ್ವಾರಸ್ಯವಾಗಿದೆ. ಮಲಯಾಳಿಗಳು ಓಣಂನಲ್ಲಿ ಮಾವೇಲಿಯ ದಾರಿ ಕಾಯುತ್ತಾರೆ. ತುಳುವರೂ ಕನ್ನಡಿಗರೂ ದೀಪಾವಳಿಯಲ್ಲಿ ಬಲೀಂದ್ರನಿಗೆ ದೀಪವಿಟ್ಟು ಕೂಗಿ ಕರೆಯುತ್ತಾರೆ. ಹಬ್ಬ ಬೇರೆ, ತಿಂಗಳು ಬೇರೆ. ಮನೆಯಂಗಳಕ್ಕೆ ಕರೆಯುವುದು ಮಾತ್ರ ಇಬ್ಬರೂ ಕೊಟ್ಟವನನ್ನು.

ಆದ್ದರಿಂದ ಪಟ್ಟಿಯನ್ನು ಓದುವುದರಲ್ಲಿ ಎರಡು ರೀತಿಗಳಿವೆ. ‘ಇವನಿಂದ ಎಷ್ಟು ಎಳೆಯಬಹುದು’ ಎಂದು ಓದುವುದು ಒಂದು. ‘ಇವನಿಗೆ ಯಾವುದು ಬೇಕು’ ಎಂದು ಓದುವುದು ಇನ್ನೊಂದು. ಎರಡನೆಯ ರೀತಿಯಲ್ಲಿ ಓದುವವನು ಮೊತ್ತಕ್ಕಿಂತ ಮೊದಲು ಉದ್ದೇಶವನ್ನು ನೋಡುತ್ತಾನೆ. ಸತತವಾಗಿ ಕುಡಿಯುವ ನೀರಿಗೆ ಕೊಡುತ್ತಾ ಬಂದ ಸಂಸ್ಥೆಯ ಬಳಿ ಪುಸ್ತಕಕ್ಕೆ ಹೋಗುವುದಿಲ್ಲ. ಐವತ್ತು ಲಕ್ಷದ ಯೋಜನೆಗಳನ್ನಷ್ಟೇ ನಡೆಸುವವರಿಗೆ ಎಂಬತ್ತು ಸಾವಿರದ ಅರ್ಜಿ ಬರೆಯುವುದಿಲ್ಲ. ಒಂದೇ ಸಲ ಕೊಟ್ಟು ನಿಲ್ಲಿಸಿದ್ದಾರೆಯೆ, ವರ್ಷ ವರ್ಷ ಕೊಡುತ್ತಿದ್ದಾರೆಯೆ, ಸಣ್ಣ ಸಂಘಗಳಿಗೆ ಕೊಟ್ಟದ್ದುಂಟೆ, ನೋಂದಣಿಯ ಕಾಗದಗಳಲ್ಲಿ ಏನೇನು ಬೇಕು ಎಂದು ನೋಡುತ್ತಾನೆ. ಆ ಅಮೆರಿಕದ ವಿವರಪತ್ರದಲ್ಲಿ ಒಂದು ಚೌಕವಿದೆ: ತಾವೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ, ಕರೆಯದೆ ಬಂದ ಅರ್ಜಿಗಳನ್ನು ಪರಿಶೀಲಿಸುವುದಿಲ್ಲ ಎನ್ನುವವರು ಅಲ್ಲಿ ಗುರುತು ಹಾಕುತ್ತಾರೆ. ಕೊಟ್ಟದ್ದನ್ನು ಬಹಿರಂಗಪಡಿಸಿದ ಅದೇ ಕಾಗದದಲ್ಲಿ ‘ದಯವಿಟ್ಟು ಬರಬೇಡಿ’ ಎಂಬ ಮಾತಿಗೂ ಸ್ಥಳವಿದೆ. ಮೊತ್ತವನ್ನು ಓದಿ ಆ ಗುರುತನ್ನು ಓದದವನು ಅರ್ಧ ಮಾತ್ರ ಓದಿದವನು.

ಸಂಸ್ಥೆಯ ವಿಷಯ ಹೀಗಾದರೆ ವ್ಯಕ್ತಿಯ ವಿಷಯ ಇನ್ನೂ ಸೂಕ್ಷ್ಮ. ಒಬ್ಬರ ಹೆಸರು ಶಾಲೆಯ ಅಮೃತಶಿಲೆಯಲ್ಲಿದೆ, ದೇವಸ್ಥಾನದ ಸಂಚಿಕೆಯಲ್ಲಿದೆ, ಗಲ್ಫಿನ ಸಂಘದ ಆಮಂತ್ರಣದಲ್ಲಿದೆ. ಹೊಸ ಮನೆಯೂ ರಸ್ತೆಗೆ ಕಾಣುತ್ತದೆ. ಪ್ರತಿಯೊಂದೂ ಬಹಿರಂಗವೇ. ಆದರೆ ನಾಲ್ಕನ್ನೂ ಒಂದು ಹಾಳೆಯಲ್ಲಿ ಕೂಡಿಸಿದಾಗ ಹುಟ್ಟುವ ಚಿತ್ರವನ್ನು ಆತ ಎಲ್ಲಿಯೂ ಪ್ರಕಟಿಸಿಲ್ಲ. ಅದನ್ನು ನಾವು ತಯಾರಿಸಿದ್ದು. ತಾಯಿಯ ನೆನಪಿಗೆ ಶಾಲೆಗೆ ಒಂದು ಕೊಠಡಿ ಕಟ್ಟಿಸಿದವನು ಬರೆಸಿದ್ದು ತಾಯಿಯ ಹೆಸರನ್ನು. ಅದು ಅವನ ಶಕ್ತಿಯ ಜಾಹೀರಾತಲ್ಲ. ಆದ್ದರಿಂದ ನಮ್ಮ ಸಮಿತಿಯಲ್ಲಿ ಒಂದು ಗೆರೆ ಎಳೆದೆವು. ಕಂಪೆನಿ, ಟ್ರಸ್ಟು, ಸರಕಾರ - ಇವುಗಳ ಲೆಕ್ಕವನ್ನು ಎಷ್ಟು ಬೇಕಾದರೂ ಕೂಡಿಸಿ ಕಳೆದು ನೋಡಬಹುದು. ಅಲ್ಲಿ ಕಾನೂನಿನ ಕರ್ತವ್ಯವಿದೆ, ತೆರಿಗೆಯ ರಿಯಾಯಿತಿಯಿದೆ, ಸಾರ್ವಜನಿಕರ ಪಾಲಿದೆ. ವ್ಯಕ್ತಿಗಳ ವಿಷಯದಲ್ಲಿ ಕಡತ ಮಾಡುವುದಿಲ್ಲ. ಗೊತ್ತಿರುವವರು ಮನೆಗೆ ಹೋಗಿ, ವಾಚನಾಲಯದ ಸ್ಥಿತಿ ಹೇಳಿ, ಕೊಟ್ಟರೆ ಕೊಂಡು, ಕೊಡದಿದ್ದರೆ ಮಜ್ಜಿಗೆ ಕುಡಿದು ಬರುವುದು. ಇದರಿಂದ ನಮಗೆ ನಷ್ಟವಾಗಿರಬಹುದು. ಆದರೆ ಸಣ್ಣ ಊರಿನಲ್ಲಿ ಜನ ಒಬ್ಬರನ್ನೊಬ್ಬರು ನಿತ್ಯ ನೋಡಬೇಕಾಗುತ್ತದೆ. ಇಲ್ಲವೆಂದವನು ಮರುದಿನ ಮುಖ ತಪ್ಪಿಸಿ ನಡೆಯುವಂತಾದರೆ ಅದು ಮಾಡಿನ ಸೋರಿಕೆಗಿಂತ ದೊಡ್ಡ ನಷ್ಟ.

ಹೆಸರೇ ಬೇಡವೆನ್ನುವವರ ಮಾತೇನು? ಗುಪ್ತದಾನ ಮೇಲೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಅರ್ಥದ ಬೋಧನೆ ಬೈಬಲಿನಲ್ಲಿದೆ. ದಾನವನ್ನು ಬಹಿರಂಗವಾಗಿ ಕೊಡುವುದು ಒಳ್ಳೆಯದು, ಬಡವರಿಗೆ ಮರೆಯಲ್ಲಿ ಕೊಡುವುದು ಇನ್ನೂ ಒಳ್ಳೆಯದು ಎಂಬ ತಾತ್ಪರ್ಯ ಕುರಾನಿನಲ್ಲಿದೆ. ನಮ್ಮ ಜಿಲ್ಲೆಯ ಮೂರೂ ಸಮುದಾಯಗಳು ಈ ವಿಷಯದಲ್ಲಿ ಒಂದೇ ಮಾತಾಡುತ್ತವೆ. ಚಕ್ ಫೀನಿ ಎಂಬ ಅಮೆರಿಕದ ವ್ಯಾಪಾರಿ 1982ರಲ್ಲಿ ಬರ್ಮುಡಾ ದ್ವೀಪದಲ್ಲಿ ದತ್ತಿಸಂಸ್ಥೆ ಕಟ್ಟಿ ತನ್ನ ಆಸ್ತಿಯನ್ನು ಅದಕ್ಕೆ ವಹಿಸಿದರು. ಪಡೆದವರು ಹೆಸರು ಹೇಳಬಾರದೆಂಬ ಷರತ್ತು ಹಾಕುತ್ತಿದ್ದರು. 1997ರಲ್ಲಿ ವ್ಯಾಪಾರದ ಮಾರಾಟದಿಂದಾಗಿ ವಿಷಯ ಹೊರಬಿದ್ದಾಗ ಜನ ಬೆರಗಾದರು. 2020ರಲ್ಲಿ ಸಂಸ್ಥೆ ಮುಚ್ಚುವಷ್ಟರಲ್ಲಿ 800 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಾಗಿತ್ತು. 2023ರಲ್ಲಿ ಅವರು ತೀರಿಕೊಂಡರು. ಇಂಥವರನ್ನು ನೆನೆದಾಗ ಕೈ ತಾನಾಗಿ ಮುಗಿಯುತ್ತದೆ. ಆದರೂ ಒಂದು ಮಾತು ಉಳಿಯುತ್ತದೆ. ಕೊಡುವವನ ಮನಸ್ಸು ಗುಪ್ತವಾಗಿರಲಿ; ಪಡೆದವನ ಲೆಕ್ಕ ಗುಪ್ತವಾಗಿರಬಾರದು. ಗುಪ್ತತೆ ಕೊಡುವವನಲ್ಲಿದ್ದರೆ ವಿನಯ, ಪಡೆದವನಲ್ಲಿದ್ದರೆ ಸಂಶಯ.

ಇನ್ನು, ಗಡಿನಾಡಿನ ನಮಗೆ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ. ಹಿಂದೆ ಕೊಟ್ಟವರ ಪಟ್ಟಿಗೆ ಒಂದು ದೊಡ್ಡ ಕೊರತೆಯಿದೆ: ಅದರಲ್ಲಿ ‘ಹೌದು’ಗಳು ಮಾತ್ರ ಇರುತ್ತವೆ. ಕೇಳಿದವರಿಗೆ ಹೇಳಿದ ‘ಇಲ್ಲ’ ಅಲ್ಲಿ ಇಲ್ಲ. ಕೇಳದೇ ಉಳಿದವರ ಸುದ್ದಿಯಂತೂ ಇಲ್ಲವೇ ಇಲ್ಲ. ಒಂದು ಪಟ್ಟಿಯಲ್ಲಿ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಹೆಸರು ಕಾಣದಿದ್ದರೆ ನಮ್ಮ ಮನಸ್ಸು ಕೂಡಲೇ ‘ನಮ್ಮನ್ನು ಯಾರಿಗೆ ಬೇಕು, 1956ರಿಂದ ಇದೇ ಕತೆ’ ಎನ್ನುತ್ತದೆ. ಆ ನೋವಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹೆಸರು ಇಲ್ಲದಿರುವುದು ನಿರಾಕರಣೆಯ ಸಾಕ್ಷ್ಯವಲ್ಲ. ನಮ್ಮ ಕಡೆಯ ಅರ್ಜಿಯೇ ಹೋಗಿಲ್ಲದಿರಬಹುದು. ಎರಡರಲ್ಲಿ ಯಾವುದೆಂದು ತಿಳಿಯುವ ದಾರಿ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ, ಗೊಣಗಾಟವಲ್ಲ.

ಇದರ ಇನ್ನೊಂದು ಮುಖ ಹೆಚ್ಚು ಗಂಭೀರ. ಎಲ್ಲರೂ ಹಿಂದೆ ಕೊಟ್ಟದ್ದನ್ನು ನೋಡಿಯೇ ಕೇಳುತ್ತಾ ಹೋದರೆ, ಹಣ ಹರಿದ ತೋಡಿನಲ್ಲಿಯೇ ಮತ್ತೆ ಹರಿಯುತ್ತದೆ. ಪಟ್ಟಿಯಲ್ಲಿದ್ದವರು ಮುಂದಿನ ಪಟ್ಟಿಯಲ್ಲಿಯೂ ಇರುತ್ತಾರೆ. ಸಣ್ಣ ಭಾಷೆ, ಮೂಲೆಯ ಊರು, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬಾರದ ಸಂಘ - ಇವು ಹಿಂದೆ ಪಡೆದಿಲ್ಲ ಎಂಬ ಕಾರಣಕ್ಕೇ ಮುಂದೆಯೂ ಪಡೆಯುವುದಿಲ್ಲ. ಪಟ್ಟಿ ಆಗ ದಾರಿದೀಪವಾಗುವ ಬದಲು ಬೇಲಿಯಾಗುತ್ತದೆ. ಆದ್ದರಿಂದ ನಾವು ಪಟ್ಟಿಯಲ್ಲಿ ನಮ್ಮಂಥವರನ್ನು ಹುಡುಕಿದರೆ ಸಾಲದು; ಕೊಟ್ಟದ್ದರ ಹಿಂದಿನ ಕಾರಣವನ್ನು ಹುಡುಕಬೇಕು. ಗುಡ್ಡಗಾಡಿನ ಮಕ್ಕಳಿಗೆ ತಾಯ್ನುಡಿಯ ಪುಸ್ತಕ ಕೊಟ್ಟ ಸಂಸ್ಥೆಯೊಂದು ಕನ್ನಡಕ್ಕೆ ಎಂದೂ ಕೊಟ್ಟಿರಲಾರದು. ಆದರೆ ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಇರುವ ಮಗುವಿನ ಕಷ್ಟ ಅದಕ್ಕೆ ಗೊತ್ತು. ಅಂಥವರಿಗೆ ನಾವು, ‘ನೀವು ಇದುವರೆಗೆ ಮಾಡದ್ದನ್ನು ಮಾಡಿ, ನಿಮ್ಮ ಕಾರಣಕ್ಕೆ ಅದು ಹೊರತಲ್ಲ’ ಎಂದು ಬರೆಯಬಹುದು. ಹಿಂದಿನ ದಾನ ನಮಗೆ ತೋರಿಸುವುದು ಬಾಗಿಲನ್ನು. ಒಳಗೆ ಹೋಗಿ ಆಡಬೇಕಾದ ಮಾತು ನಮ್ಮದೇ ಆಗಿರಬೇಕು.

ನಾನು ತಲುಪಿದ ಅಭಿಪ್ರಾಯವನ್ನು ಓದುಗರ ಮುಂದಿಡುತ್ತೇನೆ. ಬಹಿರಂಗ ದಾಖಲೆ ನಮಗೆ ಕೇಳುವ ಹಕ್ಕನ್ನು ಕೊಡುತ್ತದೆ, ಪಡೆಯುವ ಹಕ್ಕನ್ನಲ್ಲ. ಕೇಳುವ ಹಕ್ಕಿನ ಜತೆಗೆ ‘ಇಲ್ಲ’ವನ್ನು ಹಗುರವಾಗಿ ಸ್ವೀಕರಿಸುವ ಕರ್ತವ್ಯವಿದೆ. ಮತ್ತು ಇನ್ನೊಬ್ಬರ ಲೆಕ್ಕವನ್ನು ಓದಿ ಹೊರಟವನು ತನ್ನ ಲೆಕ್ಕವನ್ನು ಮೊದಲು ತೆರೆದಿಡಬೇಕು. ಗಾಜಿನ ಜೇಬು ದೊಡ್ಡವರಿಗೆ ಮಾತ್ರ ಹೊಲಿಸಿದ್ದಲ್ಲ.

ನಮ್ಮ ವಾಚನಾಲಯದ ಜಮಾ-ಖರ್ಚು ಈಗ ಪ್ರತಿ ತಿಂಗಳು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸೂಚನಾ ಫಲಕದ ಮೇಲೆ ಬರುತ್ತದೆ. ಹೆಸರು ಬೇಡವೆಂದವರು ‘ಹಿತೈಷಿ’ ಎಂಬ ಹೆಸರಿನಲ್ಲಿದ್ದಾರೆ. ಹಣ ಮಾತ್ರ ಪೈಸೆಯ ತನಕ ಇದೆ. ಅದರ ಕೆಳಗೆ ಇನ್ನೊಂದು ಪುಸ್ತಕವನ್ನು ತೂಗುಹಾಕಿದ್ದೇವೆ. ಯಾವ ಯಾವ ಸಂಸ್ಥೆಗಳಿಗೆ, ಯಾವ ದಿನ, ಯಾತಕ್ಕಾಗಿ ಬರೆದೆವು, ಏನು ಉತ್ತರ ಬಂತು ಎಂಬುದು ಅದರಲ್ಲಿದೆ. ಇದುವರೆಗೆ ಮೂರು ಅರ್ಜಿಗಳು ಹೋಗಿವೆ. ಒಂದಕ್ಕೆ ‘ಇಲ್ಲ’ ಎಂದು ಮರ್ಯಾದೆಯ ಉತ್ತರ ಬಂದಿದೆ, ಎರಡಕ್ಕೆ ಬರಬೇಕಾಗಿದೆ. ಆ ‘ಇಲ್ಲ’ವನ್ನೂ ಬರೆದಿಟ್ಟಿದ್ದೇವೆ. ಕೊಟ್ಟವರ ಪಟ್ಟಿಯಲ್ಲಿ ಎಂದೂ ಸಿಗದ ಮಾಹಿತಿ ಅದೊಂದೇ. ನಮ್ಮ ಹಾಗೆ ಹುಡುಕುತ್ತಿರುವ ಬೇರೆ ಸಂಘದವರು ಯಾವಾಗ ಬೇಕಾದರೂ ಬಂದು ನೋಡಬಹುದು; ವಾಚನಾಲಯ ಸಂಜೆ ಐದರಿಂದ ಎಂಟರ ವರೆಗೆ ತೆರೆದಿರುತ್ತದೆ.